ಇನ್ನೊಂದು ಕಿವಿಗೆ ಬಿದ್ದ ಮಾತು

ಒಂದೇ ಕೋಣೆಯಲ್ಲಿ ಹತ್ತು ಜನ ಒಟ್ಟಿಗೆ ಮಾತನಾಡುತ್ತಿದ್ದರೆ ಹತ್ತು ದನಿಗಳು ಬೇರೆ ಬೇರೆಯಾಗಿ ಕಿವಿಗೆ ಬರುವುದಿಲ್ಲ. ಎಲ್ಲವೂ ಗಾಳಿಯಲ್ಲಿ ಕಲೆತು ಒಂದೇ ಅಲೆಯಾಗಿ ಕಿವಿತಮಟೆಯನ್ನು ತಟ್ಟುತ್ತವೆ. ತಮಟೆಗೆ ಗೊತ್ತಿರುವುದು ಹಿಂದಕ್ಕೂ ಮುಂದಕ್ಕೂ ಅಲುಗುವುದಷ್ಟೆ. ಆ ಅಲುಗಾಟದಿಂದಲೇ ಇದು ಅತ್ತೆಯ ದನಿ, ಇದು ಅಡುಗೆಮನೆಯ ಮಿಕ್ಸಿ, ಇದು ಗೇಟಿನ ಹೊರಗೆ ನಿಂತ ಆಟೋ ಎಂದು ಬಿಡಿಸಿಕೊಂಡು, ಅದರಲ್ಲಿ ಅತ್ತೆಯ ಮಾತನ್ನು ಮಾತ್ರ ಹಿಡಿದು ಅರ್ಥ ಮಾಡಿಕೊಳ್ಳುತ್ತೇವೆ. ದಿನಕ್ಕೆ ನೂರು ಸಲ ಮಾಡುವ ಈ ಕೆಲಸ ಎಂಥ ದೊಡ್ಡ ಕೆಲಸ ಎಂಬುದು ಮನೋವಿಜ್ಞಾನಿಗಳ ಪ್ರಯೋಗಗಳನ್ನು ಓದುವ ತನಕ ನನಗೆ ಗೊತ್ತಿರಲಿಲ್ಲ. ಓದಲು ಶುರು ಮಾಡಿದ್ದು ಅಪ್ಪನ ಕಾರಣಕ್ಕೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಪ್ರಶ್ನೆಯನ್ನು ಮೊದಲು ಅಚ್ಚುಕಟ್ಟಾಗಿ ಪ್ರಯೋಗಕ್ಕೆ ಒಡ್ಡಿದವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಾಲಿನ್ ಚೆರ್ರಿ. ಓದಿನಿಂದ ಅವರು ಎಂಜಿನಿಯರ್, ಸಂಪರ್ಕ ತಂತ್ರಜ್ಞಾನ ಅವರ ವಿಷಯ. 1953ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಎರಡು ಬಗೆಯ ಪ್ರಯೋಗಗಳಿವೆ. ಎಲ್ಲರೂ ಹೇಳುವುದು ಎರಡನೆಯದನ್ನು. ನನಗೆ ಮೊದಲನೆಯದೂ ಅಷ್ಟೇ ಮುಖ್ಯವಾಗಿ ಕಾಣುತ್ತದೆ.

ಮೊದಲನೆಯದರಲ್ಲಿ ಒಬ್ಬನೇ ವ್ಯಕ್ತಿ ಎರಡು ಬೇರೆ ಬೇರೆ ಬರಹಗಳನ್ನು ಓದಿದ್ದನ್ನು ಒಂದರ ಮೇಲೊಂದು ಕೂಡಿಸಿ, ಎರಡೂ ಕಿವಿಗೆ ಒಟ್ಟಿಗೆ ಕೇಳಿಸಿದರು. ದನಿ ಒಂದೇ, ದಿಕ್ಕು ಒಂದೇ, ಗಟ್ಟಿತನವೂ ಒಂದೇ. ಎರಡರಲ್ಲಿ ಒಂದನ್ನು ಬಿಡಿಸಿ ಹೇಳಬೇಕು, ಟೇಪನ್ನು ಎಷ್ಟು ಸಲ ಬೇಕಾದರೂ ತಿರುಗಿಸಿ ಕೇಳಬಹುದು. ಕೇಳುಗರು ಕಣ್ಣು ಮುಚ್ಚಿಕೊಂಡು, ಮತ್ತೆ ಮತ್ತೆ ಕೇಳಿ, ಬಹಳ ಕಷ್ಟದಿಂದ ಒಂದೊಂದೇ ಪದಗುಚ್ಛವನ್ನು ಬಿಡಿಸಿದರು. ಅವರ ಕೈಹಿಡಿದದ್ದು ಭಾಷೆಯ ಅಂದಾಜು: ಈ ಪದದ ಮುಂದೆ ಯಾವ ಪದ ಬರಬಹುದು ಎಂಬ ಊಹೆ. ಆಮೇಲೆ ಚೆರ್ರಿ ಆ ಊಹೆಯ ಆಸರೆಯನ್ನೂ ಕಿತ್ತುಕೊಂಡರು. ಭಾಷಣಗಳಲ್ಲಿ ಸವೆದುಹೋದ ಮಾತುಗಳನ್ನೇ ಪೋಣಿಸಿ ಎರಡು ಬರಹ ಮಾಡಿ ಕೇಳಿಸಿದರು. ಕೇಳುಗರಿಗೆ ಒಂದೊಂದು ಸವಕಲು ಮಾತು ಇಡಿಯಾಗಿ ಸಿಕ್ಕಿತು. ಆದರೆ ಅದು ಯಾವ ಬರಹಕ್ಕೆ ಸೇರಿದ್ದು ಎಂದು ಹೇಳಲಾಗಲಿಲ್ಲ, ಎರಡೂ ಕಡೆಯವು ಕಲಸಿಹೋದವು. ಸವಕಲು ಮಾತಿನೊಳಗೆ ಊಹೆ ಸಲೀಸು, ಒಂದರಿಂದ ಇನ್ನೊಂದಕ್ಕೆ ದಾಟುವಲ್ಲಿ ಊಹಿಸಲು ಏನೂ ಇಲ್ಲ. ಅಂದರೆ ಕೇಳುವುದರಲ್ಲಿ ಕಿವಿಯ ಪಾಲು ಎಷ್ಟೋ ಊಹೆಯ ಪಾಲೂ ಅಷ್ಟಿದೆ.

ಎರಡನೆಯ ಪ್ರಯೋಗದಲ್ಲಿ ಹೆಡ್‌ಫೋನ್ ಹಾಕಿ ಬಲಗಿವಿಗೆ ಒಂದು ಮಾತು, ಎಡಗಿವಿಗೆ ಇನ್ನೊಂದು. ಬಲಗಿವಿಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ಬಾಯಲ್ಲಿ ಹೇಳುತ್ತ ಹೋಗಬೇಕು, ಒಂದೆರಡು ಪದ ಹಿಂದೆ ಬಿದ್ದುಕೊಂಡು. ಸಂಶೋಧಕರು ಇದಕ್ಕೆ ಷ್ಯಾಡೋಯಿಂಗ್ ಎನ್ನುತ್ತಾರೆ. ಮೊದಲ ಪ್ರಯೋಗದಲ್ಲಿ ಒದ್ದಾಡಿದ ಜನಕ್ಕೆ ಇದು ಸಲೀಸಾಯಿತು. ಹೇಳುವವರ ದನಿ ಮಾತ್ರ ಏರಿಳಿತವಿಲ್ಲದೆ ಚಪ್ಪಟೆಯಾಗಿರುತ್ತಿತ್ತು ಎಂದು ಚೆರ್ರಿ ಗಮನಿಸಿದ್ದಾರೆ. ಈಗ ಮುಖ್ಯ ಪ್ರಶ್ನೆ: ಎಡಗಿವಿಗೆ ಬಿದ್ದದ್ದು ಏನು? ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಮಾತನ್ನು ನಡುವೆ ಜರ್ಮನ್‌ಗೆ ಬದಲಿಸಿದರು, ಕೇಳುಗರಿಗೆ ಗೊತ್ತಾಗಲಿಲ್ಲ. ಟೇಪನ್ನು ಹಿಂದುಮುಂದಾಗಿ ಓಡಿಸಿದರು, ಕೆಲವರಿಗಷ್ಟೆ ಏನೋ ವಿಚಿತ್ರ ಅನ್ನಿಸಿತು. ಗಂಡಸಿನ ದನಿ ಹೋಗಿ ಹೆಂಗಸಿನ ದನಿ ಬಂದದ್ದು ಹೆಚ್ಚುಕಡಿಮೆ ಎಲ್ಲರಿಗೂ ತಿಳಿಯಿತು. ಮಾತಿನ ಬದಲು 400 ಹರ್ಟ್ಸ್‌ನ ಬರಿಯ ಶ್ರುತಿ ಬಂದದ್ದೂ ತಿಳಿಯಿತು. ಮಾತು ಏನು ಎಂಬುದು ಮಾತ್ರ ಉಳಿಯಲಿಲ್ಲ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟರು ಎಂದು ನಾವು ಬೈಯುವುದುಂಟು. ಇಲ್ಲಿ ಆ ಇನ್ನೊಂದು ಕಿವಿಗೆ ಬಿದ್ದದ್ದು ಎಷ್ಟು ಒಳಗೆ ಹೋಗುತ್ತದೆ ಎಂದು ಅಳೆಯುತ್ತಿದ್ದರು.

ಇದೇ ಹೊತ್ತಿಗೆ ಕೇಂಬ್ರಿಜ್‌ನಲ್ಲಿ ಡೊನಾಲ್ಡ್ ಬ್ರಾಡ್‌ಬೆಂಟ್ ಕೆಲಸ ಮಾಡುತ್ತಿದ್ದರು. ಆಗಿನ ವಿಮಾನ ನಿಯಂತ್ರಣ ಗೋಪುರಗಳಲ್ಲಿ ಹಲವು ಪೈಲಟ್‌ಗಳ ದನಿ ಒಂದೇ ಧ್ವನಿವರ್ಧಕದಿಂದ ಕಲಸಿಕೊಂಡು ಬರುತ್ತಿತ್ತು. ಕೇಳುವವರು ತಪ್ಪಿದರೆ ಜೀವಹಾನಿ. ಅಂಥ ಕೆಲಸದ ಕಷ್ಟಗಳಿಂದಲೇ ಈ ಸಂಶೋಧನೆಗೆ ದುಡ್ಡೂ ಒತ್ತಾಸೆಯೂ ಸಿಕ್ಕಿದ್ದು. 1954ರಲ್ಲಿ ಬ್ರಾಡ್‌ಬೆಂಟ್ ಎರಡೂ ಕಿವಿಗೆ ಏಕಕಾಲಕ್ಕೆ ಮೂರು ಮೂರು ಅಂಕಿಗಳನ್ನು ಕೇಳಿಸಿದರು. ಜನ ಅವನ್ನು ಜೋಡಿ ಜೋಡಿಯಾಗಿ ಹೇಳದೆ, ಒಂದು ಕಿವಿಯ ಮೂರನ್ನೂ ಮುಗಿಸಿ ಆಮೇಲೆ ಇನ್ನೊಂದು ಕಿವಿಯದನ್ನು ಹೇಳಿದರು. ಒಳಗೆ ಹೋಗುವ ದಾರಿ ಕಿರಿದು, ಒಂದು ಹೋದ ಮೇಲೆ ಇನ್ನೊಂದು, ಯಾವುದನ್ನು ಬಿಡಬೇಕು ಎಂಬುದನ್ನು ದನಿ, ದಿಕ್ಕು ಇಂಥ ಹೊರಗುಣಗಳ ಮೇಲೆಯೇ ತೀರ್ಮಾನಿಸುವ ಸೋಸುಕ ಒಂದಿದೆ ಎಂದು 1958ರ ಪುಸ್ತಕದಲ್ಲಿ ಅವರು ವಾದಿಸಿದರು. ಅರ್ಥ ತಿಳಿಯುವುದು ಸೋಸಿ ಆದ ಮೇಲೆ.

ಮರುವರ್ಷವೇ ಈ ಸೋಸುಕಕ್ಕೆ ತೂತು ಬಿತ್ತು. ನೆವಿಲ್ ಮೋರೆ ಎಂಬವರು ಗಮನ ಕೊಡದ ಕಿವಿಗೆ ಕೇಳುಗರ ಹೆಸರನ್ನೇ ಸೇರಿಸಿದರು. ಅದಕ್ಕೂ ಮುಂಚೆ ಅದೇ ಕಿವಿಗೆ ಕೆಲವು ಪದಗಳನ್ನು 35 ಸಲ ಹೇಳಿಸಿದ್ದರು, ಕೇಳುಗರಿಗೆ ಅವುಗಳ ನೆನಪೇ ಇರಲಿಲ್ಲ. ಹೆಸರು ಮಾತ್ರ ಕೆಲವರಿಗೆ ಕೇಳಿಸಿತು. ಈ ಪ್ರಯೋಗವನ್ನು ಜನಪ್ರಿಯ ಬರಹಗಳು ಹೇಳುವ ರೀತಿ ನನಗೆ ಒಪ್ಪಿಗೆಯಿಲ್ಲ. ಎಂಥ ಗದ್ದಲದಲ್ಲೂ ನಮ್ಮ ಹೆಸರು ನಮಗೆ ಕೇಳಿಸಿಯೇ ಕೇಳಿಸುತ್ತದೆ ಎಂದು ಅವು ಬರೆಯುತ್ತವೆ. ಮೋರೆಯವರ ಪ್ರಯೋಗದಲ್ಲಿ ಹೆಸರು ಕೇಳಿಸಿದ್ದು ಸುಮಾರು ಮೂರರಲ್ಲಿ ಒಬ್ಬರಿಗೆ. 1995ರಲ್ಲಿ ನೋಯೆಲ್ ವುಡ್ ಮತ್ತು ನೆಲ್ಸನ್ ಕವನ್ ಇನ್ನಷ್ಟು ಎಚ್ಚರಿಕೆಯಿಂದ ಇದನ್ನೇ ಮತ್ತೆ ಮಾಡಿದಾಗಲೂ ಮೂರರಲ್ಲಿ ಒಬ್ಬರಿಗೇ. ಉಳಿದವರಿಗೆ ತಮ್ಮ ಸ್ವಂತ ಹೆಸರು, ಕಿವಿಗೆ ಕಟ್ಟಿದ ಹೆಡ್‌ಫೋನಿನಲ್ಲಿ, ಸ್ಪಷ್ಟವಾಗಿ ಕೂಗಿದರೂ ಕೇಳಿಸಲಿಲ್ಲ. ನನ್ನ ಮಟ್ಟಿಗೆ ಸುದ್ದಿ ಇರುವುದು ಆ ಮೂರರಲ್ಲಿ ಇಬ್ಬರಲ್ಲಿ. ಕರೆದರೆ ಓ ಎನ್ನಲಿಲ್ಲ ಎಂದು ಎಷ್ಟು ಜನ ಎಷ್ಟು ಬೈಗುಳ ತಿಂದಿಲ್ಲ!

2001ರಲ್ಲಿ ಕವನ್ ಅವರೂ ಸೇರಿದ ತಂಡವೊಂದು ಆ ಮೂರನೆಯವರು ಯಾರು ಎಂದು ಹುಡುಕಿತು. ಮನಸ್ಸಿನಲ್ಲಿ ಒಂದಷ್ಟು ವಿಷಯಗಳನ್ನು ಹಿಡಿದಿಟ್ಟುಕೊಂಡೇ ಬೇರೆ ಕೆಲಸ ಮಾಡುವ ಸಾಮರ್ಥ್ಯವನ್ನು ಮೊದಲು ಅಳೆದುಕೊಂಡರು. ಆ ಸಾಮರ್ಥ್ಯ ಹೆಚ್ಚಿದ್ದವರಲ್ಲಿ ಶೇ. 20ರಷ್ಟು ಜನಕ್ಕೆ ಹೆಸರು ಕೇಳಿಸಿತು, ಕಡಿಮೆ ಇದ್ದವರಲ್ಲಿ ಶೇ. 65ರಷ್ಟು ಜನಕ್ಕೆ. ನಾವು ಎಣಿಸುವುದಕ್ಕೆ ತದ್ವಿರುದ್ಧ. ಹೆಸರು ಕೇಳಿಸುವುದು ಚುರುಕುತನದ ಲಕ್ಷಣವೇನಲ್ಲ, ಹಿಡಿದ ಕೆಲಸದಿಂದ ಗಮನ ಜಾರಿದ್ದರ ಲಕ್ಷಣ. ಚೆನ್ನಾಗಿ ಆಲಿಸುತ್ತಿರುವವನಿಗೇ ನಮ್ಮ ಕರೆ ಕೇಳಿಸುವುದು ಕಷ್ಟ.

ಹಾಗಾದರೆ ಗಮನ ಕೊಡದ ಮಾತಿಗೆ ಏನಾಗುತ್ತದೆ? 1960ರಲ್ಲಿ ಆಕ್ಸ್‌ಫರ್ಡ್‌ನ ಗ್ರೇ ಮತ್ತು ವೆಡರ್‌ಬರ್ನ್ ಎಂಬ ಇಬ್ಬರು ವಿದ್ಯಾರ್ಥಿಗಳು ಬ್ರಾಡ್‌ಬೆಂಟ್ ಅವರ ಅಂಕಿಗಳ ನಡುವೆ ಪದಗಳನ್ನು ಹಂಚಿಟ್ಟರು: ಒಂದು ಕಿವಿಗೆ ‘ಇಲಿಗಳು, ಐದು, ಚೀಸ್’, ಇನ್ನೊಂದಕ್ಕೆ ‘ಮೂರು, ತಿನ್ನುತ್ತವೆ, ನಾಲ್ಕು’ ಎಂಬಂತೆ. ಜನ ಕಿವಿಯ ಲೆಕ್ಕ ಬಿಟ್ಟು ಅರ್ಥದ ಲೆಕ್ಕ ಹಿಡಿದರು, ಎರಡೂ ಕಿವಿಯಿಂದ ಹೆಕ್ಕಿ ವಾಕ್ಯ ಮಾಡಿ ಹೇಳಿದರು. ಅದೇ ವರ್ಷ, ಅದೇ ಆಕ್ಸ್‌ಫರ್ಡ್‌ನ ಆ್ಯನ್ ಟ್ರೀಸ್‌ಮನ್ ಇನ್ನೂ ಸೊಗಸಾದ ಪ್ರಯೋಗ ಮಾಡಿದರು. ಬಲಗಿವಿಯ ಕಥೆಯನ್ನು ಹೇಳುತ್ತ ಹೋಗುತ್ತಿರುವಾಗ ನಡುವೆ ಆ ಕಥೆ ಥಟ್ಟನೆ ಎಡಗಿವಿಗೆ ಹಾರಿತು, ಬಲಗಿವಿಗೆ ಬೇರೇನೋ ಬಂತು. ಬಲಗಿವಿಯನ್ನೇ ಹಿಂಬಾಲಿಸಬೇಕು ಎಂದು ತಾಕೀತು ಮಾಡಿದ್ದರೂ ಎಷ್ಟೋ ಜನ ಒಂದೆರಡು ಪದ ಕಥೆಯ ಹಿಂದೆ ಎಡಕ್ಕೆ ಹೋಗಿ, ಮತ್ತೆ ಬಲಕ್ಕೆ ಮರಳಿದರು. ಹಾಗೆ ಹೋಗಿಬಂದದ್ದು ಅವರಿಗೇ ಗೊತ್ತಿರಲಿಲ್ಲ. ಟ್ರೀಸ್‌ಮನ್ ಹೇಳಿದ್ದು ಇಷ್ಟು: ಬೇಡದ ದನಿಯನ್ನು ಮಿದುಳು ಮುಚ್ಚಿಹಾಕುವುದಿಲ್ಲ, ತಗ್ಗಿಸುತ್ತದೆ. ನಮ್ಮ ಹೆಸರು, ಬೆಂಕಿ ಎಂಬಂಥ ಕೂಗು, ಈಗ ಬಂದೇ ಬರುತ್ತದೆ ಎಂದು ಕಾಯುತ್ತಿರುವ ಮುಂದಿನ ಪದ, ಇಂಥವಕ್ಕೆ ತಗ್ಗಿದ ದನಿಯೂ ಸಾಕು. ಅದರ ನಂತರ, ಎಲ್ಲ ಮಾತಿನ ಅರ್ಥವೂ ತಿಳಿಯುತ್ತದೆ, ಆಯ್ಕೆ ನಡೆಯುವುದು ಕೊನೆಯಲ್ಲಿ ಎಂಬ ವಾದ ಬಂತು. ಅದಕ್ಕೆ ಎದುರುವಾದವೂ ಬಂತು. ಆ ಜಗಳದ ವಿವರ ಬೇಡ. ನನಗೆ ಟ್ರೀಸ್‌ಮನ್ ಅವರ ಮಾತೇ ಸರಿ ಎನ್ನಿಸುತ್ತದೆ, ಮುಂದೆ ಮಿದುಳಿನಿಂದಲೇ ಸಿಕ್ಕ ಪುರಾವೆ ಕೂಡ ಹೆಚ್ಚಾಗಿ ಆ ಕಡೆಗೇ ವಾಲುತ್ತದೆ.

ಈಗ ಅಪ್ಪನ ವಿಷಯ. ಅವರು ನಿವೃತ್ತ ಶಾಲಾ ಮೇಷ್ಟ್ರು. ಮನೆಯ ಜಗಲಿಯಲ್ಲಿ ಎದುರು ಕುಳಿತು ಮಾತನಾಡಿದರೆ ಒಂದು ಪದವೂ ತಪ್ಪುವುದಿಲ್ಲ, ಮಾತಿಗೆ ಮಾತು ಕೊಡುತ್ತಾರೆ. ಅವರನ್ನೇ ಮದುವೆ ಛತ್ರದಲ್ಲಿ ನೋಡಬೇಕು. ಊಟದ ಪಂಕ್ತಿಯಲ್ಲಿ ಪಕ್ಕದವರು ‘ಯಾವಾಗ ಬಂದಿರಿ ಮೇಷ್ಟ್ರೇ?’ ಎಂದರೆ ‘ಚೆನ್ನಾಗಿದ್ದೇನೆ, ನೀವು ಹೇಗಿದ್ದೀರಿ?’ ಎನ್ನುತ್ತಾರೆ. ಎಲ್ಲರೂ ನಕ್ಕಾಗ ಅರೆಗಳಿಗೆ ತಡವಾಗಿ ನಗುತ್ತಾರೆ. ಎರಡನೇ ಸಲ ಸಾರು ಬರುವ ಹೊತ್ತಿಗೆ ಮಾತು ನಿಲ್ಲಿಸಿ ಎಲೆ ನೋಡಿಕೊಂಡು ಊಟ ಮಾಡುತ್ತಿರುತ್ತಾರೆ. ಮನೆಗೆ ಬಂದ ಮೇಲೆ ಅಮ್ಮನದು ಒಂದೇ ದೂರು: ‘ಅವರಿಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ.’ ನೆಂಟರದು ಇನ್ನೊಂದು: ‘ಮೇಷ್ಟ್ರು ಈಚೆಗೆ ಯಾಕೋ ಬಿಗುಮಾನ.’

ಅಪ್ಪನ ತಪ್ಪು ಉತ್ತರವನ್ನು ಚೆರ್ರಿಯ ಮೊದಲ ಪ್ರಯೋಗದ ಪಕ್ಕದಲ್ಲಿಟ್ಟು ನೋಡಿ. ಸಿಕ್ಕಿದ್ದು ಪ್ರಶ್ನೆಯ ರಾಗ ಮತ್ತು ಕೊನೆಯ ‘ರಿ’. ಛತ್ರದಲ್ಲಿ ಎದುರಾದ ಪರಿಚಯದವರು ಮೊದಲು ಕೇಳುವುದು ಚೆನ್ನಾಗಿದ್ದೀರಾ ಎಂದೇ. ಅವರ ಮಿದುಳು ಇರುವಷ್ಟು ಪುರಾವೆಯ ಮೇಲೆ ಅತ್ಯಂತ ಸಂಭವನೀಯ ವಾಕ್ಯವನ್ನು ಕಟ್ಟಿತು. ಬಹಳ ಸಲ ಆ ಊಹೆ ಸರಿಯಾಗುತ್ತದೆ, ಆಗ ಯಾರೂ ಗಮನಿಸುವುದಿಲ್ಲ. ತಪ್ಪಿದಾಗ ಮಾತ್ರ ನಗು. ಕನ್ನಡದಲ್ಲಿ ಇನ್ನೊಂದು ತೊಡಕೂ ಇದೆ. ನಮ್ಮಲ್ಲಿ ಹೌದೋ ಅಲ್ಲವೋ ಎಂಬುದು ತೀರ್ಮಾನವಾಗುವುದು ವಾಕ್ಯದ ಕೊನೆಗೆ, ಬರುತ್ತಾರೆಯೋ ಬರುವುದಿಲ್ಲವೋ ಎಂಬುದು ಬಾಲದಲ್ಲಿದೆ. ಮಾತನಾಡುವವರು ದನಿ ಇಳಿಸುವುದೂ ಸಾಮಾನ್ಯವಾಗಿ ಅಲ್ಲೇ.

ವಯಸ್ಸಾದಂತೆ ಮೊದಲು ಮಂಕಾಗುವುದು ಮೇಲಿನ ಕಂಪನದ ಶಬ್ದಗಳು. ಸ್ವರಗಳ ಗಟ್ಟಿತನ ಕೆಳಗಿನ ಕಂಪನಗಳಲ್ಲಿದೆ, ಸ, ಶ, ತ, ಕ ಇಂಥ ವ್ಯಂಜನಗಳ ಗುರುತು ಹೆಚ್ಚಾಗಿ ಮೇಲಿನವುಗಳಲ್ಲಿ. ಹಾಗಾಗಿ ದನಿ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ‘ಕೂಗಬೇಡ, ಬಿಡಿಸಿ ಹೇಳು’ ಎಂದು ಹಿರಿಯರು ಸಿಡುಕುವುದು ಇದಕ್ಕೇ. ಮೌನವಿರುವ ಕಡೆ ಈ ಕೊರತೆಯನ್ನು ಊಹೆ ತುಂಬಿಕೊಡುತ್ತದೆ. ಗದ್ದಲದಲ್ಲಿ ಊಹೆಗೆ ಆಧಾರವಾಗಬೇಕಾದ ತುಣುಕುಗಳೇ ಮುಳುಗಿಹೋಗುತ್ತವೆ.

ಅಪ್ಪನನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆವು. ಶಬ್ದ ಒಳಬಾರದ ಪುಟ್ಟ ಕೋಣೆಯಲ್ಲಿ ಕೂರಿಸಿ, ಬೇರೆ ಬೇರೆ ಕಂಪನದ ಶ್ರುತಿ ಕೇಳಿಸಿ, ಕೇಳಿದಾಗ ಗುಂಡಿ ಒತ್ತಿಸಿದರು. ‘ವಯಸ್ಸಿಗೆ ಚೆನ್ನಾಗಿಯೇ ಇದೆ’ ಎಂದು ಹಾಳೆ ಕೊಟ್ಟು ಕಳುಹಿಸಿದರು. ಆ ಹಾಳೆ ಸುಳ್ಳಲ್ಲ. ಆದರೆ ಅಪ್ಪ ಕಷ್ಟಪಡುವುದು ಮೌನದ ಕೋಣೆಯಲ್ಲಿ ಶ್ರುತಿ ಕೇಳಲು ಅಲ್ಲವಲ್ಲ! ಅಮ್ಮನಿಗಂತೂ ಆ ಹಾಳೆ ಸಾಕ್ಷಿಯಾಯಿತು: ಕಿವಿ ಸರಿ ಇದೆ, ಮನಸ್ಸಿಲ್ಲ ಅಷ್ಟೆ.

ಶರನ್ ಕುಜಾವ ಮತ್ತು ಚಾರ್ಲ್ಸ್ ಲಿಬರ್‌ಮನ್ 2009ರಲ್ಲಿ ಪ್ರಕಟಿಸಿದ ಇಲಿಗಳ ಮೇಲಿನ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಎರಡು ಗಂಟೆ ಕಾಲ 100 ಡೆಸಿಬೆಲ್ ಗದ್ದಲದಲ್ಲಿಟ್ಟ ಇಲಿಗಳ ಶ್ರವಣಮಟ್ಟ ಕೆಲವು ದಿನಗಳಲ್ಲಿ ಮೊದಲಿನಂತಾಯಿತು, ಪರೀಕ್ಷೆ ಮಾಡಿದರೆ ಕಿವಿ ಸರಿ. ಒಳಗೆ ನೋಡಿದರೆ ಕಿವಿಯ ರೋಮಕೋಶಕ್ಕೂ ನರಕ್ಕೂ ಇರುವ ಬೆಸುಗೆಗಳಲ್ಲಿ, ಹೆಚ್ಚು ಪೆಟ್ಟು ತಿಂದ ಭಾಗದಲ್ಲಿ, ಹತ್ತಿರಹತ್ತಿರ ಅರ್ಧದಷ್ಟು ಕಾಣೆಯಾಗಿದ್ದವು. ಉಳಿದರ್ಧ ಮೌನದಲ್ಲಿ ಸಣ್ಣ ಶಬ್ದ ಹಿಡಿಯಲು ಸಾಕು. ಗದ್ದಲದಲ್ಲಿ ಮಾತು ಬಿಡಿಸಲು ಸಾಕೇ ಎಂಬುದು ಪ್ರಶ್ನೆ. ಮನುಷ್ಯರಲ್ಲಿ ಇದರ ಪಾತ್ರ ಎಷ್ಟು ಎಂಬುದರ ಮೇಲೆ ಸಂಶೋಧಕರ ನಡುವೆ ಇನ್ನೂ ವಾದವಿದೆ. ಆದರೂ ಹಾಳೆಯಲ್ಲಿ ಸರಿ ಎಂದಿರುವ ಕಿವಿ ಛತ್ರದಲ್ಲಿ ಸೋಲಬಹುದು ಎಂಬುದನ್ನು ಅಲ್ಲಗಳೆಯುವವರು ಇಲ್ಲ.

ನನಗೆ ಎಲ್ಲಕ್ಕಿಂತ ತಟ್ಟಿದ್ದು ಪ್ಯಾಟ್ರಿಕ್ ರ್‍ಯಾಬಿಟ್ 1960ರ ದಶಕದಲ್ಲಿ ಮಾಡಿದ ಸರಳ ಕೆಲಸ. ಗದ್ದಲದ ನಡುವೆ ಪದಗಳನ್ನು ಕೇಳಿಸಿದರು. ಗದ್ದಲ ಎಷ್ಟಿತ್ತೆಂದರೆ ಕಿವಿಗೊಟ್ಟರೆ ಪದ ಸರಿಯಾಗಿಯೇ ಸಿಗುತ್ತಿತ್ತು, ಕೇಳಿದವರು ಸರಿಯಾಗಿಯೇ ಮರುನುಡಿದರು. ಆಮೇಲೆ ನೆನಪಿಸಿಕೊಳ್ಳಲು ಹೇಳಿದರೆ, ಗದ್ದಲವಿಲ್ಲದೆ ಕೇಳಿದ್ದಕ್ಕಿಂತ ಕಡಿಮೆ ನೆನಪಿತ್ತು. ಪದವನ್ನು ಬಿಡಿಸಿಕೊಳ್ಳಲು ಹೋದ ಶ್ರಮ, ಅದನ್ನು ನೆನಪಿನಲ್ಲಿಡಲು ಬೇಕಾದ ಶ್ರಮವನ್ನು ತಿಂದುಹಾಕಿತ್ತು. ಛತ್ರದಲ್ಲಿ ಯಾರೋ ‘ಮಗಳ ನಿಶ್ಚಿತಾರ್ಥ ಬರುವ ತಿಂಗಳು’ ಎಂದು ಹೇಳಿ, ಅಪ್ಪ ‘ಸಂತೋಷ, ಸಂತೋಷ’ ಎಂದು ಸರಿಯಾಗಿಯೇ ಉತ್ತರಿಸಿ, ಮನೆಗೆ ಬರುವಷ್ಟರಲ್ಲಿ ಮರೆತಿರುವುದನ್ನು ನಾವು ಮರೆವಿನ ಕಾಯಿಲೆ ಶುರುವಾಯಿತೇನೋ ಎಂದು ಗಾಬರಿಯಾಗಿ ಮಾತನಾಡಿಕೊಂಡಿದ್ದೆವು. ಇಂಥ ಗಾಬರಿ ಎಷ್ಟು ಮನೆಗಳಲ್ಲಿದೆಯೋ. ಕೇಳಿಸಿಕೊಳ್ಳುವುದಕ್ಕೇ ಕೈಯಲ್ಲಿದ್ದುದೆಲ್ಲ ಖರ್ಚಾದರೆ ಉಳಿಸಿಟ್ಟುಕೊಳ್ಳಲು ಏನಿರುತ್ತದೆ?

ಛತ್ರವೂ ಸುಮ್ಮನೆ ಜಾಗವಲ್ಲ. ನುಣುಪು ಟೈಲ್ಸ್ ನೆಲ, ಬರಿಗೋಡೆ, ತಗಡಿನ ಇಲ್ಲವೇ ಕಾಂಕ್ರೀಟಿನ ಸೂರು, ಶಬ್ದವನ್ನು ಹೀರಿಕೊಳ್ಳುವ ವಸ್ತು ಒಂದೂ ಇಲ್ಲ. ಒಂದು ಮಾತು ಗೋಡೆಗೆ ಬಡಿದು ಮರಳಿ ಮುಂದಿನ ಮಾತಿನ ಮೇಲೆ ಬೀಳುತ್ತದೆ. ಎರಡು ಕಿವಿಗಳಿಗೆ ಶಬ್ದ ತಲುಪುವ ಹೊತ್ತಿನಲ್ಲಿ ಇರುವ ವ್ಯತ್ಯಾಸ, ಅದು ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ, ನಮಗೆ ದಿಕ್ಕು ತೋರಿಸುತ್ತದೆ. ಚೆರ್ರಿಯ ಎರಡನೆಯ ಪ್ರಯೋಗ ಸಲೀಸಾದದ್ದೇ ಎರಡು ಮಾತು ಎರಡು ಕಡೆಯಿಂದ ಬಂದದ್ದಕ್ಕೆ. ಮಾರ್ದನಿ ಆ ದಿಕ್ಕನ್ನೂ ಕಲಸುತ್ತದೆ. ಧಾರೆಯ ಹೊತ್ತಿನಲ್ಲಿ ಗಟ್ಟಿಮೇಳ ಬಾರಿಸುವುದು ಅಮಂಗಳದ ಮಾತು ಯಾರ ಕಿವಿಗೂ ಬೀಳದಿರಲಿ ಎಂದು, ಎನ್ನುವುದುಂಟು. ಶಬ್ದದಿಂದ ಶಬ್ದವನ್ನು ಮುಚ್ಚುವ ಉಪಾಯ ನಮ್ಮವರಿಗೆ ಚೆನ್ನಾಗಿ ಗೊತ್ತಿತ್ತು. ಆ ಕೆಲವು ನಿಮಿಷಕ್ಕೆ ಅದು ಸರಿ. ಈಗ ಧ್ವನಿವರ್ಧಕದಲ್ಲಿ ಊಟ ಮುಗಿಯುವವರೆಗೂ ಗಟ್ಟಿಮೇಳವೇ.

ಮುಖ ಕಂಡರೆ ಮಾತು ಹೆಚ್ಚು ತಿಳಿಯುತ್ತದೆ ಎಂಬುದನ್ನು ಸಂಬಿ ಮತ್ತು ಪೊಲಾಕ್ 1954ರಲ್ಲೇ ಅಳೆದು ತೋರಿಸಿದ್ದಾರೆ, ಗದ್ದಲ ಹೆಚ್ಚಿದಷ್ಟೂ ತುಟಿಯ ಚಲನೆಯ ನೆರವು ದೊಡ್ಡದು. ಪಂಕ್ತಿಯಲ್ಲಿ ಪಕ್ಕ ಪಕ್ಕ ಕೂತವರು ಎಲೆ ನೋಡಿಕೊಂಡು ಮಾತನಾಡುತ್ತಾರೆ. ಅಪ್ಪನಿಗೆ ಆ ನೆರವೂ ಇಲ್ಲ.

ಇಷ್ಟೆಲ್ಲ ಓದುವಾಗ ಮನಸ್ಸು ಮತ್ತೆ ಮತ್ತೆ ಹೋದದ್ದು, ಹಲವರ ಸವಾಲುಗಳನ್ನು ನೆನಪಿನಲ್ಲಿಟ್ಟುಕೊಂಡು ಆಶುವಾಗಿ ಪದ್ಯ ಕಟ್ಟುವ ಅವಧಾನ ಕಲೆಯ ಕಡೆಗೆ. ಕನ್ನಡದಲ್ಲಿ ಶತಾವಧಾನಿ ಆರ್. ಗಣೇಶ್ ಅವರ ಅವಧಾನವನ್ನು ನೋಡಿದವರು ಬಹಳ ಜನ ಇದ್ದಾರೆ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು. ಒಬ್ಬರು ಪದ್ಯದ ಒಂದು ಸಾಲನ್ನು ಸಮಸ್ಯೆಯಾಗಿ ಕೊಡುತ್ತಾರೆ, ಒಬ್ಬರು ನಿಷೇಧಾಕ್ಷರಿಯಲ್ಲಿ ಅಕ್ಷರ ಅಕ್ಷರಕ್ಕೂ ಅಡ್ಡಗಟ್ಟುತ್ತಾರೆ, ಒಬ್ಬರು ಅಪ್ರಸ್ತುತ ಪ್ರಸಂಗದಲ್ಲಿ ಸಂಬಂಧವಿಲ್ಲದ ಪ್ರಶ್ನೆ ಎಸೆದು ಗಮನ ಕೆಡಿಸಲು ನೋಡುತ್ತಾರೆ. ನಡುನಡುವೆ ಮನಬಂದಾಗ ಗಂಟೆ ಬಾರಿಸುವ ಕ್ರಮವೂ ಉಂಟು, ಕೊನೆಗೆ ಒಟ್ಟು ಎಷ್ಟು ಸಲ ಬಾರಿಸಿತು ಎಂದು ಅವಧಾನಿ ಹೇಳಬೇಕು. ಮಿದುಳಿಗೆ ಒಂದೇ ಕಿರುದಾರಿ ಎನ್ನುವುದಾದರೆ ಇದು ಹೇಗೆ ಸಾಧ್ಯ?

ಯೋಚಿಸಿದರೆ ಈ ಕಲೆಯ ರಚನೆ ಚೆರ್ರಿಯ ಫಲಿತಾಂಶಗಳಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಬೆರಗಾಗುತ್ತದೆ. ಪೃಚ್ಛಕರು ಎಂಟು ಮಂದಿಯಾದರೂ ಎಂಟೂ ಬಾಯಿ ಒಟ್ಟಿಗೆ ಮಾತನಾಡುವುದಿಲ್ಲ, ಸರದಿಯಂತೆ ಬರುತ್ತಾರೆ. ಅರ್ಥವಿರುವ ಮಾತು ಒಂದಾದ ಮೇಲೆ ಒಂದು. ನಿಜಕ್ಕೂ ಬೇರೆ ಕೆಲಸದ ಮೇಲೆ ಬಂದು ಬೀಳುವುದು ಗಂಟೆ ಮಾತ್ರ. ಗಮನ ಕೊಡದ ಕಿವಿಯಲ್ಲೂ ತಪ್ಪದೆ ತಿಳಿಯುವುದು ಅರ್ಥವಿಲ್ಲದ ಶ್ರುತಿ ಎಂದು ಚೆರ್ರಿ ಕಂಡದ್ದೂ ಅದೇ. ಗಂಟೆಯ ಬದಲು ಯಾರೋ ಪಕ್ಕದಲ್ಲಿ ಪದಗಳ ಪಟ್ಟಿ ಓದುತ್ತ ಹೋಗಿ ಕೊನೆಗೆ ಒಪ್ಪಿಸಿ ಎಂದಿದ್ದರೆ ಅದು ಬೇರೆಯೇ ಕಷ್ಟವಾಗುತ್ತಿತ್ತು. ಇದು ನನ್ನ ಊಹೆ, ಅವಧಾನ ಬಲ್ಲವರು ತಿದ್ದಬಹುದು. ಇದರಿಂದ ಅವಧಾನಿಯ ಸಾಧನೆ ಒಂದು ಕೂದಲಷ್ಟೂ ಕಡಿಮೆಯಾಗುವುದಿಲ್ಲ. ಎಂಟು ಎಳೆಗಳನ್ನು ಎಲ್ಲಿ ಬಿಟ್ಟೆವೋ ಅಲ್ಲಿಂದಲೇ ಎತ್ತಿಕೊಳ್ಳುವ ಧಾರಣೆ, ಛಂದಸ್ಸು ತಪ್ಪದ ಆಶುಕವಿತ್ವ ಇವು ಎಲ್ಲಿ ಬೇಕೆಂದರಲ್ಲಿ ಸಿಗುವ ಶಕ್ತಿಗಳಲ್ಲ.

ಅಭ್ಯಾಸದಿಂದ ಆಗುವ ಬದಲಾವಣೆಗೂ ಒಂದು ಒಳ್ಳೆಯ ಸಾಕ್ಷಿ ಇದೆ. 1974ರಲ್ಲಿ ಜೆಫ್ರಿ ಅಂಡರ್‌ವುಡ್ ಎಂಬವರು ಆ ನೆವಿಲ್ ಮೋರೆಯವರನ್ನೇ ಹೆಡ್‌ಫೋನ್ ಹಾಕಿ ಕೂರಿಸಿದರು. ವರ್ಷಗಟ್ಟಲೆ ಷ್ಯಾಡೋಯಿಂಗ್ ಮಾಡಿ ಪಳಗಿದ ಕಿವಿ ಅವರದು. ಗಮನ ಕೊಡದ ಕಿವಿಗೆ ಬಂದ ಅಂಕಿಗಳಲ್ಲಿ ಹೊಸಬರು ಹಿಡಿದದ್ದು ಶೇ. 8ರಷ್ಟು, ಮೋರೆ ಹಿಡಿದದ್ದು ಶೇ. 67ರಷ್ಟು. ಹೆಸರಿನ ಪ್ರಯೋಗದಲ್ಲಿ ಇನ್ನೊಂದು ಕಿವಿ ಸೋರಿದ್ದು ಗಮನ ಜಾರಿದ್ದರಿಂದ. ಇಲ್ಲಿ ಸೋರಿಕೆಯ ಮಾತಿಲ್ಲ, ಹಿಡಿದ ಕೆಲಸ ಸಲೀಸಾಗಿ ಶಕ್ತಿ ಮಿಕ್ಕಿದೆ. ಎರಡೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ, ಒಳಗಿನ ಕಾರಣ ಬೇರೆ.

ಬೈಗುಳ ತಿನ್ನುವ ಇನ್ನೊಂದು ಗುಂಪು ಮಕ್ಕಳು. ಮೊಬೈಲ್ ನೋಡುತ್ತ ಕೂತ ಹುಡುಗನನ್ನು ನಾಲ್ಕು ಸಲ ಕರೆದರೂ ಉತ್ತರವಿಲ್ಲ. ಕೇಳಿಸಿಯೂ ಕೇಳಿಸದಂತೆ ಇದ್ದಾನೆ ಎನ್ನುತ್ತೇವೆ. ಲಂಡನ್ನಿನ ನೀಲಿ ಲಾವಿ ಅವರ ತಂಡ 2011ರಲ್ಲಿ ತೋರಿಸಿದ್ದು, ಕಣ್ಣಿನ ಕೆಲಸ ಕಠಿಣವಾದಷ್ಟೂ ಕಿವಿಗೆ ಬಿದ್ದ ಶಬ್ದ ತಿಳಿಯದೆ ಹೋಗುತ್ತದೆ ಎಂದು. 2015ರಲ್ಲಿ ಅದೇ ಬಳಗ ಮಿದುಳಿನ ಕಾಂತೀಯ ಸಂಕೇತಗಳನ್ನು ಅಳೆದಾಗ, ಶಬ್ದಕ್ಕೆ ಮಿದುಳಿನ ಶ್ರವಣಭಾಗದ ಮೊದಮೊದಲ ಪ್ರತಿಕ್ರಿಯೆಯೇ ಕುಗ್ಗಿದ್ದು ಕಂಡಿತು. ಕೇಳಿಸಿ ಆಮೇಲೆ ತಳ್ಳಿಹಾಕಿದ್ದಲ್ಲ, ಕೇಳಿಸಿದ್ದೇ ಕಡಿಮೆ. ಹುಡುಗ ಎಷ್ಟು ಹೊತ್ತು ಮೊಬೈಲ್ ನೋಡಬೇಕು ಎಂಬುದು ಬೇರೆ ಮಾತು, ಅದರಲ್ಲಿ ನಾನು ಅಮ್ಮಂದಿರ ಪಕ್ಷವೇ. ಆದರೆ ಅವನ ಮೇಲೆ ಹೊರಿಸುವ ಉದ್ಧಟತನದ ಆರೋಪ ನಿಲ್ಲುವುದಿಲ್ಲ. ಹೆಲ್ಮೆಟ್ಟಿನೊಳಗೆ ಮೊಬೈಲ್ ಸಿಕ್ಕಿಸಿಕೊಂಡು ಮಾತನಾಡುತ್ತ ಬೈಕ್ ಓಡಿಸುವವರನ್ನು ಕಂಡಾಗಲೂ ಇದೇ ನೆನಪಾಗಿ ಭಯವಾಗುತ್ತದೆ. ಕೈ ಖಾಲಿ ಇದ್ದರೂ ಗಮನ ಖಾಲಿ ಇರುವುದಿಲ್ಲ.

2012ರಲ್ಲಿ ಕ್ಯಾಲಿಫೋರ್ನಿಯಾದ ನೀಮಾ ಮೆಸ್ಗರಾನಿ ಮತ್ತು ಎಡ್ವರ್ಡ್ ಚಾಂಗ್ ಇನ್ನೂ ಒಳಗೆ ಇಣುಕಿದರು. ಮೂರ್ಛೆರೋಗದ ಶಸ್ತ್ರಚಿಕಿತ್ಸೆಗಾಗಿ ಮಿದುಳಿನ ಮೇಲ್ಮೈಯಲ್ಲಿ ವಿದ್ಯುದ್ವಾರಗಳನ್ನು ಇರಿಸಿಕೊಂಡಿದ್ದ ರೋಗಿಗಳಿಗೆ ಇಬ್ಬರ ಮಾತನ್ನು ಕಲಸಿ ಕೇಳಿಸಿ, ಒಬ್ಬರನ್ನು ಮಾತ್ರ ಆಲಿಸಿ ಎಂದರು. ಮಿದುಳಿನ ಸಂಕೇತಗಳಿಂದ ಶಬ್ದದ ಚಿತ್ರವನ್ನು ಮರಳಿ ಕಟ್ಟಿದಾಗ ಬಂದದ್ದು ಕಲಸಿದ ಶಬ್ದದ ಚಿತ್ರವಲ್ಲ, ಬಹುಪಾಲು ಆ ಒಬ್ಬರೇ ಮಾತನಾಡಿದ್ದರೆ ಬರಬಹುದಾಗಿದ್ದ ಚಿತ್ರ. ಕೇಳುಗ ತಪ್ಪು ಉತ್ತರ ಕೊಟ್ಟ ಸಲಗಳಲ್ಲಿ ಚಿತ್ರವೂ ಕೆಟ್ಟಿತ್ತು.

ಈ ಜ್ಞಾನ ಅಪ್ಪನಂಥವರಿಗೆ ತಲುಪುವ ದಾರಿಗಳು ಇವೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕನ್ನಡ ವಾಕ್ಯಗಳನ್ನೇ ಬಳಸಿ, ಹಿಂದೆ ಗದ್ದಲವಿಟ್ಟು, ಎಷ್ಟು ಗದ್ದಲದ ತನಕ ಮಾತು ತಿಳಿಯುತ್ತದೆ ಎಂದು ನೋಡುವ ಪರೀಕ್ಷೆಗಳನ್ನು ರೂಪಿಸಿದ್ದಾರೆ. ಇಂಗ್ಲಿಷ್ ಪರೀಕ್ಷೆ ನಮ್ಮ ಹಿರಿಯರಿಗೆ ಉಪಯೋಗವಿಲ್ಲ, ಅವರ ಊಹೆ ಓಡುವುದು ಕನ್ನಡದಲ್ಲಿ. ಮನೆಯಲ್ಲಿ ಹಿರಿಯರಿದ್ದು ಅವರದೂ ಇದೇ ಕಥೆಯಾದರೆ, ಶ್ರುತಿಯ ಹಾಳೆಗೆ ತೃಪ್ತರಾಗದೆ, ಗದ್ದಲದಲ್ಲಿ ಮಾತು ಕೇಳಿಸುವ ಪರೀಕ್ಷೆ ಮಾಡುತ್ತೀರಾ ಎಂದು ಬಾಯಿಬಿಟ್ಟು ಕೇಳಿ. ನಾವು ಕೇಳಿದೆವು. ಅಪ್ಪನ ಕಷ್ಟ ಆಗ ಮೊದಲ ಸಲ ಕಾಗದದ ಮೇಲೆ ಬಂತು. ಅಮ್ಮ ಆ ಕಾಗದವನ್ನು ಬಹಳ ಹೊತ್ತು ನೋಡಿ, ‘ಹಾಗಾದರೆ ಬಲಗಡೆ ಕೂತರೆ ಒಳ್ಳೆಯದೋ, ಎದುರಿಗೋ?’ ಎಂದು ವಿಚಾರಿಸಿದರು.

ಈಗಿನ ಶ್ರವಣ ಸಾಧನಗಳು ಮುಂದಿನಿಂದ ಬರುವ ದನಿಯನ್ನು ಹೆಚ್ಚಿಸಿ ಹಿಂದಿನದನ್ನು ತಗ್ಗಿಸುತ್ತವೆ. ಆದರೆ ಯಾರ ದನಿ ಬೇಕು ಎಂಬುದು ಅವಕ್ಕೆ ಗೊತ್ತಿಲ್ಲ, ಮುಖ ತಿರುಗಿದ ಕಡೆ ಅವೂ ತಿರುಗುತ್ತವೆ ಅಷ್ಟೆ. ಅದನ್ನು ಮಿದುಳಿನಿಂದಲೇ ತಿಳಿಯುವ ಪ್ರಯತ್ನ ನಡೆದಿದೆ. ಶಸ್ತ್ರಚಿಕಿತ್ಸೆಯಿಲ್ಲದೆ, ತಲೆಯ ಮೇಲಿಟ್ಟ ವಿದ್ಯುದ್ವಾರಗಳಿಂದ ಒಂದು ನಿಮಿಷದ ಸಂಕೇತ ಸಿಕ್ಕರೆ, ಇಬ್ಬರಲ್ಲಿ ಯಾರನ್ನು ಆಲಿಸುತ್ತಿದ್ದಾರೆ ಎಂದು ಹತ್ತರಲ್ಲಿ ಎಂಟು ಸಲಕ್ಕೂ ಹೆಚ್ಚು ಸರಿಯಾಗಿ ಹೇಳಬಹುದು ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮಾತುಕತೆಯಲ್ಲಿ ಒಂದು ನಿಮಿಷ ಬಹಳ ದೊಡ್ಡದು, ಅಷ್ಟರಲ್ಲಿ ಮಾತು ನಾಲ್ಕು ಬಾಯಿ ದಾಟಿರುತ್ತದೆ. ಆ ಸಮಯವನ್ನು ಕೆಲವೇ ಸೆಕೆಂಡುಗಳಿಗೆ ಇಳಿಸಲು ಹಲವು ಪ್ರಯೋಗಾಲಯಗಳು ದುಡಿಯುತ್ತಿವೆ. ಅಂಥ ಸಾಧನ ಬಂದ ದಿನ ಎದುರಾಗುವ ಪ್ರಶ್ನೆ ನನ್ನನ್ನು ಈಗಲೇ ಕಾಡುತ್ತಿದೆ: ಅಪ್ಪ ಆಲಿಸುತ್ತಿರುವ ಒಬ್ಬರ ದನಿಯನ್ನು ಮೇಲೆತ್ತಿ ಉಳಿದದ್ದನ್ನೆಲ್ಲ ಅದು ಮುಚ್ಚಿಹಾಕಿದರೆ, ಹಿಂದಿನಿಂದ ಅಮ್ಮ ಕರೆದದ್ದು ಯಾವ ದಾರಿಯಲ್ಲಿ ಒಳಗೆ ಹೋಗಬೇಕು? ಟ್ರೀಸ್‌ಮನ್ ಹೇಳಿದ ಆ ತಗ್ಗಿದ ದನಿಗೆ ಎಷ್ಟು ಜಾಗ ಬಿಡಬೇಕು ಎಂಬುದನ್ನು ಸಾಧನ ಕಟ್ಟುವವರು ತೀರ್ಮಾನಿಸಬೇಕಾಗುತ್ತದೆ, ಅದನ್ನು ಅವರು ಅಪ್ಪನಂಥವರನ್ನು ಕೂರಿಸಿಕೊಂಡು ಕೇಳಿಯೇ ತೀರ್ಮಾನಿಸಲಿ ಎಂಬುದು ನನ್ನ ಆಸೆ.